ರೈತನ ಮನೆಗೊಂದು ಬಡಗಿ ಪೆಟ್ಟಿಗೆ: ಹತಾರಗಳ ಆಯ್ಕೆ, ಸಾಣೆ ಮತ್ತು ಸುರಕ್ಷಿತ ಅಭ್ಯಾಸಗಳು

ಬೇಸಾಯದಲ್ಲಿ ಮರದ ಭಾಗವಿಲ್ಲದ ಸಲಕರಣೆಗಳು ವಿರಳ. ಕೊಡಲಿ, ಗುದ್ದಲಿ, ಪಿಕಾಸಿಗಳಿಗೆ ಕಾವು ಬೇಕು. ಕುಡುಗೋಲು, ಮಚ್ಚುಗಳಿಗೆ ಹಿಡಿ ಬೇಕು. ಕುಂಟೆ, ಕೂರಿಗೆ, ನೊಗ, ಕೊಟ್ಟಿಗೆಯ ಬಾಗಿಲು, ಗೋದಲಿಯ ಅಡ್ಡಪಟ್ಟಿ, ಜೇನುಪೆಟ್ಟಿಗೆ, ಕೋಳಿಗೂಡು ಎಲ್ಲವೂ ಮರದ ಕೆಲಸವೇ. ಹಿಂದೆ ಇದಕ್ಕೆಲ್ಲ ಊರ ಬಡಗಿ ಇದ್ದ. ಸುಗ್ಗಿಯಲ್ಲಿ ಕಣದಿಂದಲೇ ಅವನ ಆಯದ ಕಾಳು ಹೋಗುತ್ತಿತ್ತು. ವರ್ಷವಿಡೀ ರಿಪೇರಿ ಅವನ ಹೊಣೆ. ಈಗ ಹಲವು ಹಳ್ಳಿಗಳಲ್ಲಿ ಆ ಏರ್ಪಾಡು ಉಳಿದಿಲ್ಲ. ಬಡಗಿಯ ಮಕ್ಕಳು ಪೇಟೆಯಲ್ಲಿ ಪ್ಲೈವುಡ್ ಕೆಲಸಕ್ಕೆ ಹೋಗಿದ್ದಾರೆ. ಬಿತ್ತನೆಯ ವಾರದಲ್ಲಿ ಕೂರಿಗೆಯ ಒಂದು ಬೆಣೆ ಮುರಿದರೆ ಪೇಟೆಗೆ ಹೋಗಿ ಬರುವುದರಲ್ಲಿ ಒಂದು ದಿನದ ಹದ ಕೈತಪ್ಪುತ್ತದೆ.

ಇಂಥ ಸಂದರ್ಭದಲ್ಲಿ ರೈತರು ಸಾಮಾನ್ಯವಾಗಿ ಮಾಡುವುದೇನು? ಸಡಿಲವಾದ ಕೊಡಲಿಗೆ ಒಂದು ಮೊಳೆ ಹೊಡೆದು, ನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ ಅದ್ದಿ, ಮತ್ತೆ ಕೆಲಸಕ್ಕೆ ಇಳಿಯುತ್ತಾರೆ. ನೀರಿನಿಂದ ಉಬ್ಬಿದ ಮರ ಬಿಸಿಲಿಗೆ ಒಣಗಿದಾಗ ಮೊದಲಿಗಿಂತ ಹೆಚ್ಚು ಕುಗ್ಗುತ್ತದೆ, ಏಕೆಂದರೆ ಕಬ್ಬಿಣದ ತೂತಿನೊಳಗೆ ಉಬ್ಬಲು ಜಾಗವಿಲ್ಲದೆ ಅದರ ನಾರು ನುಜ್ಜಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಬೀಸಿದ ಕೊಡಲಿಯ ತಲೆ ಕಾವಿನಿಂದ ಕಳಚಿ ಹಾರಿದರೆ ಎದುರಿಗಿದ್ದವರ ಗತಿ ಏನೆಂಬುದನ್ನು ಹೇಳಬೇಕಾಗಿಲ್ಲ. ಹೀಗಾಗಿ ಬಡಗಿ ಕೆಲಸದ ಮೊದಲ ಪಾಠವನ್ನು ಪ್ರತಿ ರೈತಕುಟುಂಬದಲ್ಲಿ ಒಬ್ಬರಾದರೂ ಕಲಿತಿರುವುದು ಒಳ್ಳೆಯದು. ಇದು ಬಡಗಿಯ ಕಸುಬನ್ನು ಕಸಿಯುವ ಮಾತಲ್ಲ. ಊರಿನಲ್ಲಿ ಹಳೆಯ ಬಡಗಿ ಒಬ್ಬರಿದ್ದರೆ ಅವರ ಬಳಿ ನಾಲ್ಕು ದಿನ ಕೂತು ಕೈಕೆಲಸವನ್ನು ನೋಡಿ ಕಲಿಯುವುದಕ್ಕೆ ಸಮನಾದುದು ಯಾವ ಲೇಖನವೂ ಅಲ್ಲ.

ಯಾವ ಹತಾರ ಮೊದಲು?

ಹೊಸದಾಗಿ ಕಲಿಯುವವರು ಅಂಗಡಿಗೆ ಹೋಗಿ ಇಪ್ಪತ್ತು ಸಾಮಾನಿನ ಪೆಟ್ಟಿಗೆಯನ್ನು ಒಂದೇ ಸಲ ಕೊಂಡು ತರುವುದುಂಟು. ಅಂಥ ಪೆಟ್ಟಿಗೆಯಲ್ಲಿ ಸಂಖ್ಯೆ ಹೆಚ್ಚು, ಉಕ್ಕು ಕಡಿಮೆ. ಅದೇ ಹಣಕ್ಕೆ ಐದಾರು ಒಳ್ಳೆಯ ಹತಾರಗಳನ್ನು ಕೊಂಡರೆ ಮಗನ ಕಾಲಕ್ಕೂ ಉಳಿಯುತ್ತವೆ.

ಆರಂಭಕ್ಕೆ ಬೇಕಾದವು ಇಷ್ಟು: ಒಂದು ಕೈಗರಗಸ, ಕಾಲಂಗುಲ, ಅರ್ಧ ಅಂಗುಲ ಮತ್ತು ಒಂದು ಅಂಗುಲ ಅಗಲದ ಮೂರು ಉಳಿಗಳು, ಮರದ ಕೊಡತಿ, ಸುತ್ತಿಗೆ, ಮೂಲೆಮಟ್ಟ, ಅಳತೆಪಟ್ಟಿ, ಒರಟು ಹಲ್ಲಿನ ಮರದ ಅರ, ಎರಡು ಮುಖದ ಸಾಣೆಕಲ್ಲು, ಎರಡು ಸಿ ಕ್ಲ್ಯಾಂಪು. ಉಜ್ಜುಗೊರಡು (ಕೆಲವು ಕಡೆ ಹತ್ತರಿ, ಉತ್ತರದ ಜಿಲ್ಲೆಗಳಲ್ಲಿ ರಂದಾ) ಮತ್ತು ಬೈರಿಗೆ ಎರಡನೆಯ ಕಂತಿನಲ್ಲಿ ಬಂದರೆ ಸಾಕು. ಸಾಣೆಕಲ್ಲನ್ನು ಮಾತ್ರ ಮುಂದಕ್ಕೆ ಹಾಕಬಾರದು. ಕಲ್ಲಿಲ್ಲದೆ ಉಳಿ ಕೊಳ್ಳುವುದು ಮೇವಿಲ್ಲದೆ ಎತ್ತು ಕಟ್ಟಿದ ಹಾಗೆ.

ಗರಗಸದಲ್ಲಿ ಎರಡು ಬಗೆ. ಎಳೆಗೆ ಅಡ್ಡಲಾಗಿ ಕೊಯ್ಯುವ ಗರಗಸದ ಹಲ್ಲುಗಳು ಚಾಕುವಿನ ತುದಿಯಂತೆ ಓರೆಯಾಗಿ ಹರಿತವಾಗಿರುತ್ತವೆ. ಎಳೆಯ ಉದ್ದಕ್ಕೆ ಸೀಳುವ ಗರಗಸದ ಹಲ್ಲುಗಳು ಪುಟ್ಟ ಉಳಿಗಳ ಸಾಲಿನಂತೆ ಇರುತ್ತವೆ. ರೈತನ ಮನೆಗೆ ಅಂಗುಲಕ್ಕೆ ಏಳೆಂಟು ಹಲ್ಲಿರುವ ಅಡ್ಡಗೊಯ್ತದ ಗರಗಸ ಒಂದೇ ಮೊದಲಿಗೆ ಸಾಕು. ಹಲ್ಲಿನ ತುದಿ ನೀಲಿಗಪ್ಪಾಗಿರುವ ಗರಗಸಗಳು ಈಗ ಹೆಚ್ಚಾಗಿ ಮಾರಾಟಕ್ಕಿವೆ. ಅವುಗಳ ಹಲ್ಲನ್ನು ವಿಶೇಷವಾಗಿ ಗಡಸುಗೊಳಿಸಿರುವುದರಿಂದ ಬಹಳ ಕಾಲ ಹರಿತ ನಿಲ್ಲುತ್ತದೆ, ಆದರೆ ಮೊಂಡಾದ ಮೇಲೆ ಅರದಿಂದ ಸಾಣೆ ಹಿಡಿಯಲು ಬರುವುದಿಲ್ಲ. ಅರ ತಾಗುವ ಹಳೆಯ ಬಗೆಯದು ಸಿಕ್ಕರೆ ಹಳ್ಳಿಗೆ ಅದೇ ಮೇಲು.

ಉಳಿ ಕೊಳ್ಳುವಾಗ ಒಂದು ಹಳೆಯ ಅರವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಅಂಗಡಿಯವರ ಒಪ್ಪಿಗೆ ಪಡೆದು ಬಾಯಿಯ ಹತ್ತಿರದ ಅಂಚಿಗೆ ಮೆಲ್ಲಗೆ ಅರ ತಾಗಿಸಿ ನೋಡಿ. ಅರ ಸುಲಭವಾಗಿ ಕಚ್ಚಿ ಪುಡಿ ಉದುರಿಸಿದರೆ ಆ ಉಕ್ಕು ಮೆತ್ತಗಿದೆ. ತಡೆದು ತಡೆದು ಜಾರಿದರೆ ಗಟ್ಟಿ. ಕಮ್ಮಾರರು ಲಾರಿಯ ಹಳೆಯ ಕಮಾನುಪಟ್ಟಿಯಿಂದ ಬಡಿದು ಕೊಡುವ ಉಳಿಗಳು, ಹದ ಸರಿಯಾಗಿ ಬಿದ್ದಿದ್ದರೆ, ಪೇಟೆಯ ಅಗ್ಗದ ಉಳಿಗಿಂತ ಎಷ್ಟೋ ಉತ್ತಮ.

ಮೂಲೆಮಟ್ಟವನ್ನು ಪರೀಕ್ಷಿಸದೆ ತರಬಾರದು. ನೇರ ಅಂಚಿನ ಹಲಗೆಗೆ ಮಟ್ಟವನ್ನು ಒತ್ತಿ ಒಂದು ಗೆರೆ ಎಳೆಯಿರಿ. ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಮಟ್ಟ ಸರಿ. ಗೆರೆಗಳು ಕವಲೊಡೆದರೆ ನಡುವೆ ಕಾಣುವ ಅಂತರ ಮಟ್ಟದಲ್ಲಿರುವ ತಪ್ಪಿನ ಎರಡರಷ್ಟು. ಬಾಗಿಲ ಚೌಕಟ್ಟಿನಂಥ ದೊಡ್ಡ ಕೆಲಸಕ್ಕೆ ಮೂರು, ನಾಲ್ಕು, ಐದು ಅಡಿಯ ಲೆಕ್ಕವೇ ಸಾಕು: ಮೂಲೆಯಿಂದ ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಗುರುತು ಮಾಡಿ, ಗುರುತುಗಳ ನಡುವೆ ಸರಿಯಾಗಿ ಐದಡಿ ಬಂದರೆ ಮೂಲೆ ನೇರವಾಗಿದೆ.

ಸಾಣೆ

ಆಯುಧಪೂಜೆಯ ದಿನ ನಮ್ಮ ಹತಾರಗಳಿಗೆ ಕುಂಕುಮ, ಹೂವು ಎಲ್ಲ ಸಲ್ಲುತ್ತವೆ. ಸಾಣೆಕಲ್ಲು ಮಾತ್ರ ವರ್ಷಕ್ಕೊಮ್ಮೆಯೂ ಸಿಗುವುದಿಲ್ಲ. ಮೊಂಡಾದ ಉಳಿ ಅಪಾಯವಿಲ್ಲದ್ದು ಎಂದು ತಿಳಿದವರಿದ್ದಾರೆ. ನಿಜ ಬೇರೆ. ಮೊಂಡು ಉಳಿ ಮರದೊಳಗೆ ಹೋಗಲು ಮೈಭಾರವೆಲ್ಲ ಹಾಕಬೇಕಾಗುತ್ತದೆ. ಅಷ್ಟು ಬಲದಲ್ಲಿ ಅದು ಗಂಟಿನ ಮೇಲೆ ಜಾರಿದರೆ ಎಡಗೈಯನ್ನು ಹೊಕ್ಕೇ ನಿಲ್ಲುತ್ತದೆ. ಹರಿತವಾದ ಉಳಿಗೆ ಬೆರಳಿನ ಒತ್ತಡ ಸಾಕು. ಜಾರಿದರೂ ಕೈ ತಡೆದುಕೊಳ್ಳುತ್ತದೆ.

ಉಳಿಯ ಬಾಯಿಗೆ ಎರಡು ಮುಖ: ಒಂದು ಸಪಾಟಾದ ಬೆನ್ನು, ಇನ್ನೊಂದು ಇಳಿಜಾರು. ಎರಡೂ ನಯವಾಗಿ ಒಂದು ಗೆರೆಯಲ್ಲಿ ಕೂಡಿದಾಗ ಮಾತ್ರ ಹರಿತ. ಹೊಸ ಉಳಿಯ ಬೆನ್ನಿನಲ್ಲಿ ಕಾರ್ಖಾನೆಯ ಗೀರುಗಳು ಉಳಿದಿರುತ್ತವೆ. ಆದ್ದರಿಂದ ಮೊದಲು ಬೆನ್ನಿನ ತುದಿಯ ಒಂದು ಅಂಗುಲ ಭಾಗವನ್ನು ಕಲ್ಲಿನ ಮೇಲೆ ಪೂರ್ತಿ ಸಪಾಟಾಗಿ ಇಟ್ಟು ಕನ್ನಡಿಯಂತಾಗುವವರೆಗೆ ಉಜ್ಜಬೇಕು. ಇದು ಬೇಸರದ ಕೆಲಸ, ಆದರೆ ಉಳಿಯ ಆಯುಷ್ಯದಲ್ಲಿ ಒಂದೇ ಸಲ.

ಇಳಿಜಾರಿನ ಕೋನ ಮೆತ್ತನೆಯ ಮರಕ್ಕೆ 25 ಡಿಗ್ರಿ, ಜಾಲಿಯಂಥ ಗಟ್ಟಿ ಮರಕ್ಕೆ 30 ಡಿಗ್ರಿ ಇರಬೇಕು. ಕೋನಮಾಪಕ ಇಲ್ಲದವರು ಚಿಂತಿಸಬೇಕಿಲ್ಲ. ಇಳಿಜಾರಿನ ಉದ್ದ ಉಳಿಯ ದಪ್ಪದ ಸರಿಯಾಗಿ ಎರಡರಷ್ಟಿದ್ದರೆ ಅದು 30 ಡಿಗ್ರಿ. ಎರಡೂಕಾಲರಷ್ಟಕ್ಕಿಂತ ತುಸು ಹೆಚ್ಚಿದ್ದರೆ 25 ಡಿಗ್ರಿ. ಅಂದರೆ 4 ಮಿ.ಮೀ. ದಪ್ಪದ ಉಳಿಗೆ 8 ಮಿ.ಮೀ. ಇಳಿಜಾರು ಗಟ್ಟಿ ಮರಕ್ಕೆ, 9.5 ಮಿ.ಮೀ. ಇಳಿಜಾರು ಮೆತ್ತನೆಯ ಮರಕ್ಕೆ.

ಕಲ್ಲಿಗೆ ತೆಳ್ಳಗಿನ ಎಣ್ಣೆ ಅಥವಾ ನೀರು, ಎರಡರಲ್ಲಿ ಒಂದನ್ನು ಹಾಕಿ. ಒಮ್ಮೆ ಎಣ್ಣೆ ಕುಡಿದ ಕಲ್ಲಿಗೆ ಮತ್ತೆ ನೀರು ಹಿಡಿಯುವುದಿಲ್ಲ. ಇಳಿಜಾರನ್ನು ಕಲ್ಲಿಗೆ ಒತ್ತಿಟ್ಟು, ಮೊಣಕೈ ಏಳದಂತೆ, ಒಂದೇ ಕೋನದಲ್ಲಿ ಹಿಂದೆ ಮುಂದೆ ಎಳೆಯಿರಿ. ಕಲ್ಲಿನ ಉದ್ದಗಲವನ್ನೆಲ್ಲ ಬಳಸಿ, ಇಲ್ಲವಾದರೆ ನಡುವೆ ಹಳ್ಳ ಬೀಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಬೆನ್ನಿನ ಕಡೆಯಿಂದ ಬೆರಳನ್ನು ಬಾಯಿಯ ಆಚೆಗೆ ಮೆಲ್ಲಗೆ ಸವರಿದರೆ (ಬಾಯಿಯ ಉದ್ದಕ್ಕೆ ಎಂದೂ ಸವರಬಾರದು) ಸಣ್ಣ ಮುಳ್ಳಿನಂಥ ಅಂಚು ತಾಗುತ್ತದೆ. ಅದು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ತಾಗಿತೆಂದರೆ ಒರಟು ಮುಖದ ಕೆಲಸ ಮುಗಿಯಿತು. ನಯವಾದ ಮುಖದಲ್ಲಿ ಅದನ್ನೇ ಮಾಡಿ, ಕೊನೆಗೆ ಬೆನ್ನನ್ನು ಸಪಾಟಾಗಿ ಇಟ್ಟು ಎರಡು ಮೂರು ಸಲ ಎಳೆದರೆ ಆ ಮುಳ್ಳು ಉದುರುತ್ತದೆ. ಹಳೆಯ ತೊಗಲಿನ ಬೆಲ್ಟಿನ ತುಂಡಿನ ಮೇಲೆ ಹಿಂದಕ್ಕೆ ನಾಲ್ಕು ಸಲ ಎಳೆಯುವುದು ಮುಗಿತಾಯ. ಹರಿತವನ್ನು ಹೆಬ್ಬೆರಳಿನಿಂದಲ್ಲ, ಮೆತ್ತನೆಯ ಮರದ ಕೊರೆದ ತುದಿಯಿಂದ ಪರೀಕ್ಷಿಸಬೇಕು: ನಾರು ಹರಿಯದೆ ಹೊಳೆಯುವ ಮೈ ಬಂದರೆ ಸರಿ.

ವಿದ್ಯುತ್ ಸಾಣೆಚಕ್ರಕ್ಕೆ ಉಳಿ ಹಿಡಿಯುವವರು ಪ್ರತಿ ಎರಡು ಮೂರು ಸೆಕೆಂಡಿಗೊಮ್ಮೆ ನೀರಿನಲ್ಲಿ ಅದ್ದಬೇಕು. ಬಾಯಿ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅಷ್ಟು ಭಾಗದ ಹದ ಹೋಯಿತು. ಅದನ್ನು ಉಜ್ಜಿ ತೆಗೆಯುವವರೆಗೆ ಹರಿತ ನಿಲ್ಲದು. ಚಕ್ರದ ಎದುರು ಕನ್ನಡಕ ಕಡ್ಡಾಯ.

ಮರವನ್ನು ಅರಿಯುವುದು

ಹತಾರ ಎಷ್ಟೇ ಒಳ್ಳೆಯದಿದ್ದರೂ ಮರ ಕೈಕೊಟ್ಟರೆ ಕೆಲಸ ಕೆಡುತ್ತದೆ. ಕಾವಿಗೆ ಹೊಡೆತ ತಾಳುವ, ಬಾಗಿ ಮತ್ತೆ ನೆಟ್ಟಗಾಗುವ ಮರ ಬೇಕು. ದಿಂಡಿಗ ಮತ್ತು ತಡಸಲು ಇದಕ್ಕೆ ಹೆಸರಾದವು. ಬಯಲುಸೀಮೆಯಲ್ಲಿ ಕರಿಜಾಲಿ ಹಿಂದಿನಿಂದ ಗಾಡಿ, ನೇಗಿಲು, ಕಾವುಗಳಿಗೆ ಬಳಕೆಯಲ್ಲಿದೆ. ಬಳ್ಳಾರಿ, ರಾಯಚೂರು ಕಡೆ ಬೇಡವೆಂದರೂ ಬೆಳೆಯುವ ಬಳ್ಳಾರಿ ಜಾಲಿಯನ್ನು ಸೌದೆಯೆಂದು ತಳ್ಳಿಹಾಕಬೇಕಿಲ್ಲ. ಅದರ ಮರ ಗಟ್ಟಿ, ಒಣಗುವಾಗ ಕುಗ್ಗುವುದು ಕಡಿಮೆ. ಸೊಟ್ಟಗಿರುವುದರಿಂದ ಉದ್ದ ಕಾವು ಸಿಗುವುದು ಅಪರೂಪ. ಕೊಡತಿ, ಬೆಣೆ, ಕುಡುಗೋಲಿನ ಹಿಡಿಗೆ ಬಲು ಚೆನ್ನ. ಮುಳ್ಳು ಸವರುವಾಗ ಮಾತ್ರ ಎಚ್ಚರ. ಬಾಗಿಲು, ಪೆಟ್ಟಿಗೆಗಳಿಗೆ ತೇಗ, ಹೊನ್ನೆ, ಹಲಸು, ಬೇವು ಒಳ್ಳೆಯವು. ಕಾಫಿ ತೋಟದವರಿಗೆ ಸಿಲ್ವರ್ ಓಕ್ ಕೈಯಳತೆಯಲ್ಲೇ ಇದೆ. ಜೇನುಪೆಟ್ಟಿಗೆ, ಹಣ್ಣಿನ ಪೆಟ್ಟಿಗೆಗಳಿಗೆ ಅದು ಸಾಕು.

ಸ್ವಂತ ಜಮೀನಿನ ಮರವಾದರೂ ಕಡಿಯುವ ಮುನ್ನ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ನೆನಪಿರಲಿ. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಮೊದಲಾದ ಕೆಲವನ್ನು ಬಿಟ್ಟು ಉಳಿದವಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಂಡೇ ಕೊಡಲಿ ಹಾಕುವುದು ಲೇಸು.

ಹಸಿ ಮರದಲ್ಲಿ ಕೆಲಸ ಮಾಡುವುದೇ ಹೊಸಬರ ಮುಖ್ಯ ತಪ್ಪು. ಮರದ ತೇವ ಶೇಕಡ 25ರಿಂದ 30ಕ್ಕೆ ಇಳಿಯುವವರೆಗೆ ಅದು ಅಷ್ಟಾಗಿ ಕುಗ್ಗುವುದಿಲ್ಲ. ಅಲ್ಲಿಂದ ಕೆಳಗೆ ಪ್ರತಿ ಹೆಜ್ಜೆಗೂ ಕುಗ್ಗುತ್ತದೆ. ವರ್ಷದ ಉಂಗುರದ ಗುಂಟ ಆಗುವ ಕುಗ್ಗುವಿಕೆ ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಆಗುವುದರ ಸುಮಾರು ಎರಡರಷ್ಟು. ಹಲಗೆ ಬಟ್ಟಲಿನಂತೆ ಬಾಗುವುದಕ್ಕೂ ಇಡೀ ಬೊಡ್ಡೆ ಒಣಗಿದಾಗ ತಿರುಳಿನವರೆಗೆ ಸೀಳುವುದಕ್ಕೂ ಇದೇ ಕಾರಣ. ಆದ್ದರಿಂದ ಬೊಡ್ಡೆಯನ್ನು ಹಾಗೇ ಬಿಡದೆ ಸೀಳಿ, ಎರಡೂ ತುದಿಗೆ ಹಳೆಯ ಬಣ್ಣವನ್ನಾಗಲಿ, ಹಿಂದಿನವರಂತೆ ಸಗಣಿ ಬಗ್ಗಡವನ್ನಾಗಲಿ ಬಳಿದು, ನೆರಳಿನಲ್ಲಿ, ನೆಲದಿಂದ ಒಂದಡಿ ಎತ್ತರದಲ್ಲಿ, ನಡುನಡುವೆ ಸಮ ದಪ್ಪದ ರೀಪುಗಳನ್ನಿಟ್ಟು ಪೇರಿಸಬೇಕು. ರೀಪುಗಳು ಒಂದರ ಮೇಲೊಂದು ನೇರ ಸಾಲಿನಲ್ಲಿ ಇರಲಿ.

ಒಣಗಿತೋ ಇಲ್ಲವೋ ಎಂಬುದಕ್ಕೆ ಮನೆಯ ತಕ್ಕಡಿಯೇ ಸಾಕ್ಷಿ. ಪೇರಿಸಿದ್ದರಿಂದ ಒಂದು ತುಂಡನ್ನು ಗುರುತು ಮಾಡಿ ವಾರಕ್ಕೊಮ್ಮೆ ತೂಗಿ, ಗೋಡೆಯ ಮೇಲೆ ಬರೆಯುತ್ತ ಬನ್ನಿ. ಮೂರು ವಾರ ತೂಕ ಇಳಿಯದಿದ್ದರೆ ಅಲ್ಲಿನ ಹವೆಗೆ ತಕ್ಕಷ್ಟು ಒಣಗಿದೆ. ಶೇಕಡವಾರು ಲೆಕ್ಕ ಬೇಕಾದ ವಿಸ್ತರಣಾ ಕಾರ್ಯಕರ್ತರು ಸಣ್ಣ ತುಂಡನ್ನು ತೂಗಿ, ಒಲೆಪೆಟ್ಟಿಗೆಯಲ್ಲಿ 103 ಡಿಗ್ರಿಯ ಆಸುಪಾಸಿನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಬೇಕು. ಮೊದಲು 130 ಗ್ರಾಂ ಇದ್ದದ್ದು 104 ಗ್ರಾಂ ಆದರೆ, ಹೋದ ನೀರು 26 ಗ್ರಾಂ. ಅದನ್ನು ಒಣತೂಕವಾದ 104ರಿಂದ ಭಾಗಿಸಿದರೆ ಶೇಕಡ 25 ತೇವ. ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಒಳನಾಡಿನಲ್ಲಿ ಶೇಕಡ 12ರ ಸುಮಾರಿಗೆ ಇಳಿದ ಮರ ಕೆಲಸಕ್ಕೆ ಯೋಗ್ಯ.

ಮರದ ಹೊರಭಾಗದ ಬಿಳಿಮರದಲ್ಲಿ ಪಿಷ್ಟವಿರುವುದರಿಂದ ಕುಟ್ಟೆಹುಳು ಮೊದಲು ಅಲ್ಲಿಗೇ ಬೀಳುತ್ತದೆ. ಉಳಿಯುವ ಕೆಲಸಕ್ಕೆ ಚೇಗಿನ ಭಾಗವನ್ನೇ ಆರಿಸಿ. ಮರವನ್ನು ಒಣಗಿಸುವುದು, ಕಾಪಾಡುವುದು ಇವುಗಳ ಬಗ್ಗೆ ಹೆಚ್ಚಿನದನ್ನು ತಿಳಿಯಬೇಕೆಂದಿರುವ ಕಾರ್ಯಕರ್ತರಿಗೆ ಬೆಂಗಳೂರು ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ನೆರವಾಗಬಲ್ಲದು.

ಮೊದಲ ಪಾಠ: ಕೊಡಲಿಗೆ ಕಾವು

ಕುರ್ಚಿ ಮೇಜುಗಳಿಂದ ಕಲಿಕೆ ಆರಂಭಿಸಬಾರದು. ಕಾವು ಮಾಡುವುದರಲ್ಲಿ ಮರದ ಆಯ್ಕೆ, ಕೊಯ್ತ, ಸವರುವಿಕೆ, ಕೂಡಿಕೆ ನಾಲ್ಕೂ ಬರುತ್ತವೆ. ಕೆಟ್ಟರೆ ನಷ್ಟ ಒಂದು ತುಂಡು ಮರ ಮಾತ್ರ.

ಸುಮಾರು ಮೂರಡಿ ಉದ್ದದ, ಗಂಟಿಲ್ಲದ ತುಂಡನ್ನು ಗರಗಸದಿಂದ ಉದ್ದಕ್ಕೆ ಕೊಯ್ಯದೆ ಬೆಣೆ ಹೊಡೆದು ಸೀಳಿ. ಸೀಳು ಯಾವಾಗಲೂ ಎಳೆಯ ಗುಂಟವೇ ಹೋಗುವುದರಿಂದ ಎಳೆ ಎತ್ತ ಸಾಗಿದೆಯೆಂದು ಕಣ್ಣಿಗೇ ಕಾಣುತ್ತದೆ. ಇದರ ಮಹತ್ವವನ್ನು ಎಷ್ಟು ಹೇಳಿದರೂ ಕಡಿಮೆ. ಎಳೆ ಹತ್ತು ಅಂಗುಲಕ್ಕೆ ಒಂದು ಅಂಗುಲ ಓರೆಯಾದರೆ ಕಾವಿನ ಬಾಗುವ ಬಲ ಸುಮಾರು ಐದರಲ್ಲಿ ಒಂದು ಪಾಲು ತಗ್ಗುತ್ತದೆ. ಹೊಡೆತ ತಾಳುವ ಶಕ್ತಿಯಂತೂ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋಗುತ್ತದೆ. ಐದು ಅಂಗುಲಕ್ಕೆ ಒಂದು ಅಂಗುಲ ಓರೆಯಾದ ಮರ ಕಾವಿಗೆ ಲಾಯಕ್ಕಲ್ಲ, ಅದು ಎಷ್ಟೇ ಗಟ್ಟಿ ಜಾತಿಯದಾಗಲಿ. ಪೇಟೆಯ ಯಂತ್ರದಲ್ಲಿ ಕಡೆದ ಚೆಂದದ ಕಾವುಗಳು ಎರಡೇ ತಿಂಗಳಲ್ಲಿ ಓರೆಯಾಗಿ ಸೀಳಿ ಮುರಿಯುವುದೇಕೆಂದು ಇದರಿಂದ ಅರ್ಥವಾಗುತ್ತದೆ. ಕೊಳ್ಳುವುದೇ ಆದರೆ ಬಣ್ಣ ಬಳಿದ ಕಾವು ಬೇಡ. ಬಣ್ಣದ ಕೆಳಗೆ ಎಳೆ ಕಾಣುವುದಿಲ್ಲ.

ಸೀಳಿದ ತುಂಡನ್ನು ಮೇಲೆ ಹೇಳಿದಂತೆ ಪೂರ್ತಿ ಒಣಗಿಸಿ. ಕಲಿಯುವವರು ಅದನ್ನು ಕಾಲಲ್ಲಿ ಒತ್ತಿ ಹಿಡಿದು ಬಾಚಿಯಿಂದ ಕೆತ್ತುವ ಸಾಹಸ ಮಾಡಬಾರದು. ಬಡಗಿ ಹಾಗೆ ಮಾಡುತ್ತಾನೆ ನಿಜ, ಅವನ ಕಾಲಿಗೂ ಕಣ್ಣಿಗೂ ಇಪ್ಪತ್ತು ವರ್ಷದ ಪರಿಚಯವಿದೆ. ನಿಮಗೆ ಒಂದು ಗಟ್ಟಿ ಹಲಗೆ ಬೇಕು. ನಿಂತಾಗ ಮಣಿಕಟ್ಟಿನ ಎತ್ತರಕ್ಕೆ ಬರುವಂತೆ ನಾಲ್ಕು ಕಾಲು ನೆಟ್ಟು ಎರಡು ಅಂಗುಲ ದಪ್ಪದ ಹಲಗೆ ಕೂರಿಸಿ, ಅದಕ್ಕೆ ತುಂಡನ್ನು ಎರಡು ಕ್ಲ್ಯಾಂಪುಗಳಿಂದ ಬಿಗಿಯಿರಿ. ಎರಡು ಕೈಯೂ ಹತಾರದ ಮೇಲಿದ್ದರೆ ಯಾವ ಕೈಯೂ ಬಾಯಿಯ ಎದುರಿಗೆ ಇರಲಾರದು. ಈ ಒಂದು ಏರ್ಪಾಡಿನಿಂದಲೇ ಗಾಯಗಳ ಬಹುಭಾಗ ತಪ್ಪುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಕಾವಿನ ಅಡ್ಡಗೊಯ್ತ ದುಂಡಗಿರದೆ ಕೋಳಿಮೊಟ್ಟೆಯಂತಿರಲಿ. ಆಗ ಕೊಡಲಿಯ ಬಾಯಿ ಎತ್ತ ತಿರುಗಿದೆಯೆಂದು ನೋಡದೆಯೇ ಕೈಗೆ ತಿಳಿಯುತ್ತದೆ. ಮೊದಲು ಚೌಕ, ನಂತರ ನಾಲ್ಕು ಮೂಲೆ ಸವರಿ ಎಂಟು ಮೈ, ಕೊನೆಗೆ ಅರದಿಂದ ಮೊಟ್ಟೆಯಾಕಾರ: ಈ ಕ್ರಮದಲ್ಲಿ ಹೋದರೆ ಸೊಟ್ಟವಾಗುವುದಿಲ್ಲ. ಕೈ ಹಿಡಿಯುವ ತುದಿಯಲ್ಲಿ ಸ್ವಲ್ಪ ಉಬ್ಬು ಬಿಡಿ, ಬೆವರಿದ ಕೈಯಿಂದ ಜಾರದಿರಲು. ಉಪ್ಪುಕಾಗದದಿಂದ ಉಜ್ಜಿದರೆ ಸಾಕು. ಹೊಳೆಯುವ ವಾರ್ನಿಷ್ ಬಳಿದರೆ ಅಂಗೈ ಬೊಬ್ಬೆ ಏಳುತ್ತದೆ.

ತಲೆ ಕೂರಿಸುವುದರಲ್ಲಿ ಎರಡು ಪದ್ಧತಿ. ಪಿಕಾಸಿಯಂಥವುಗಳ ತೂತು ಒಂದು ಕಡೆ ಅಗಲ, ಒಂದು ಕಡೆ ಕಿರಿದು. ತಲೆಯನ್ನು ಕಾವಿನ ತೆಳು ತುದಿಯಿಂದ ತೂರಿಸಿ ದಪ್ಪ ತುದಿಗೆ ಎಳೆದು ಕೂರಿಸುತ್ತಾರೆ. ಬೀಸಿದಷ್ಟೂ ಅದು ಬಿಗಿಯಾಗುತ್ತದೆ. ಇದಕ್ಕೆ ಮೊಳೆ, ಬೆಣೆ ಏನೂ ಬೇಡ. ಬೆಣೆಯ ಕೊಡಲಿಯದು ಬೇರೆ ಬಗೆ. ಕಾವಿನ ತುದಿಯಲ್ಲಿ ತೂತಿನ ಆಳದ ಮೂರರಲ್ಲಿ ಎರಡು ಪಾಲು ಗರಗಸದ ಸೀಳು ಹಾಕಿ. ತುದಿಯನ್ನು ಅರದಿಂದ ಸವರುತ್ತ, ತೂತಿಗೆ ತೂರಿಸಿ ತೆಗೆಯುತ್ತ, ಕರೆಬಿದ್ದ ಕಡೆ ಮಾತ್ರ ಮತ್ತೆ ಸವರುತ್ತ ಹೋಗಿ. ತಲೆ ಏರಿಸಲು ಅದರ ಮೇಲೆ ಸುತ್ತಿಗೆಯಿಂದ ಹೊಡೆಯಬಾರದು. ಕೊಡಲಿ ಕೆಳಗೆ ತೂಗುವಂತೆ ಕಾವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಕಾವಿನ ಮೇಲ್ತುದಿಗೆ ಕೊಡತಿಯಿಂದ ಪೆಟ್ಟು ಕೊಡಿ. ತಲೆಯ ಭಾರ ನಿಂತಲ್ಲೇ ನಿಲ್ಲುತ್ತದೆ, ಕಾವು ಅದರೊಳಕ್ಕೆ ಇಳಿಯುತ್ತದೆ. ನೋಡುವವರಿಗೆ ತಲೆ ತಾನಾಗಿ ಮೇಲೆ ಹತ್ತಿದಂತೆ ಕಾಣುತ್ತದೆ. ಕಾವು ತೂತಿನಿಂದ ಮೂರು ನಾಲ್ಕು ಮಿ.ಮೀ. ಹೊರಬಂದ ಮೇಲೆ, ಒಣಗಿದ ಜಾಲಿಯ ಬೆಣೆಯನ್ನು ಸೀಳಿಗೆ ಹೊಡೆದು, ಹೆಚ್ಚಾದುದನ್ನು ಕೊಯ್ಯಿರಿ.

ತುದಿಗೆ ಅಗಸೆ ಎಣ್ಣೆ ಹಚ್ಚಿದರೆ ತೇವ ಹೋಗಿ ಬರುವುದು ನಿಧಾನವಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಗಾಳಿಯೊಡನೆ ಕೂಡಿ ಒಣಗುವಾಗ ಶಾಖ ಹೊರಡುತ್ತದೆ. ಉಂಡೆಯೊಳಗೆ ಆ ಶಾಖ ಸೇರಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಪಕ್ಕದಲ್ಲೇ ಹುಲ್ಲಿನ ಬಣವೆ ಇರುವ ರೈತನಿಗೆ ಇದು ಸಣ್ಣ ಮಾತಲ್ಲ. ಬಟ್ಟೆಯನ್ನು ಬಿಡಿಸಿ ಹೊರಗೆ ಹರವಿ, ಪೂರ್ತಿ ಒಣಗಿದ ಮೇಲೆ ಹೂಳಿ.

ವಿದ್ಯುತ್ ಯಂತ್ರಗಳ ಬಗ್ಗೆ

ವಿದ್ಯುತ್ ಡ್ರಿಲ್ಲು ಉಪಯುಕ್ತ ವಸ್ತು. ಆದರೆ ಇತ್ತೀಚೆಗೆ ಹಳ್ಳಿಗಳಲ್ಲಿ ಹರಡಿರುವ ಒಂದು ರೂಢಿಯನ್ನು ಕಟುವಾಗಿಯೇ ಖಂಡಿಸಬೇಕಾಗಿದೆ. ಕಬ್ಬಿಣ ಉಜ್ಜುವ ಕೈ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬಿಲ್ಲೆ ಹಾಕಿ, ಅಡ್ಡ ಬರುತ್ತದೆಂದು ಕವಚವನ್ನೂ ಕಳಚಿ ಬಳಸುತ್ತಾರೆ. ನಾಲ್ಕು ಅಂಗುಲದ ಬಿಲ್ಲೆ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 200 ಕಿ.ಮೀ. ಆಗುತ್ತದೆ. ಹಲ್ಲು ಮರಕ್ಕೆ ಸಿಕ್ಕಿಕೊಂಡ ಕೂಡಲೇ ಯಂತ್ರ ಕೈಯಿಂದ ಚಿಮ್ಮಿ ಹಿಡಿದವರ ತೊಡೆ, ಕುತ್ತಿಗೆಗೇ ಬರುತ್ತದೆ. ಕೈ ಹಿಂದೆಗೆದುಕೊಳ್ಳುವಷ್ಟು ಸಮಯ ಇರುವುದಿಲ್ಲ. ಗ್ರೈಂಡರು ಕಬ್ಬಿಣಕ್ಕೆ ಮಾತ್ರ, ಅದೂ ಕವಚದೊಂದಿಗೆ.

ಯಂತ್ರದ ಮುಂದೆ ಪಂಚೆ, ಟವೆಲು, ಸೀರೆಯ ಸೆರಗು, ಬಿಟ್ಟ ಕೂದಲು, ಬಳೆ, ಉಂಗುರ ಸಲ್ಲದು. ತಿರುಗುವ ಯಂತ್ರಕ್ಕೆ ಕೈಗವಸು ಹಾಕುವುದೂ ತಪ್ಪು. ಗವಸಿನ ತುದಿ ಸಿಕ್ಕಿದರೆ ಇಡೀ ಕೈಯನ್ನು ಎಳೆದುಕೊಳ್ಳುತ್ತದೆ. ಬಿಲ್ಲೆ ಅಥವಾ ಬಿಟ್ ಬದಲಿಸುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಳ್ಳಿ. ಪಂಪ್‌ಸೆಟ್ ಮನೆಯಿಂದ ಎಳೆದ ತೇಪೆ ಹಾಕಿದ ತಂತಿ, ಒದ್ದೆ ನೆಲ, ಬರಿಗಾಲು ಮೂರೂ ಸೇರಿದ ಕಡೆ ಕೆಲಸ ಮಾಡಬಾರದು. ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ 30 ಮಿಲಿ ಆಂಪಿಯರಿನ ಸ್ವಿಚ್ಚನ್ನು ಮನೆಯ ಬೋರ್ಡಿನಲ್ಲಿ ಹಾಕಿಸುವುದು ಕೇವಲ ಬಡಗಿ ಕೆಲಸಕ್ಕಲ್ಲ, ಮನೆಮಂದಿಗೆಲ್ಲ ಒಳ್ಳೆಯದು.

ಹಳೆಯ ತೊಲೆ, ಬಾಗಿಲುಗಳ ಮರ ಕೊಯ್ಯುವ ಮೊದಲು ಮೊಳೆ ಇದೆಯೇ ಎಂದು ಅಯಸ್ಕಾಂತದಿಂದ ಸವರಿ ನೋಡಿ. ಉಳಿಯ ಹಿಂಭಾಗ, ಕಬ್ಬಿಣದ ಬೆಣೆಯ ತಲೆ ಹೊಡೆತಕ್ಕೆ ಅಣಬೆಯಂತೆ ಅರಳಿದ್ದರೆ ಅದನ್ನು ಅರದಿಂದ ತೆಗೆಯಿರಿ. ಅದರ ಚೂರು ಕಣ್ಣಿಗೆ ಸಿಡಿದು ದೃಷ್ಟಿ ಕಳೆದುಕೊಳ್ಳುವ ಸಂಭವವಿದೆ. ಮರದ ಧೂಳನ್ನೂ ಹಗುರವಾಗಿ ಎಣಿಸಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಪರೂಪಕ್ಕೆ ಮಾಡುವವರಿಗೆ ಹೆದರಿಕೆ ಬೇಡ. ಆದರೂ ಉಪ್ಪುಕಾಗದದ ಕೆಲಸವನ್ನು ಹೊರಗೆ, ಗಾಳಿಗೆ ಬೆನ್ನು ಮಾಡಿ, ಮೂಗಿಗೆ ಎನ್-95 ಮುಸುಕು ಹಾಕಿ ಮಾಡಿ.

ಗಾಯವಾದರೆ

ಸುಣ್ಣ, ಕಾಫಿಪುಡಿ, ಸೀಮೆಎಣ್ಣೆ, ಅರಿಶಿನ ಯಾವುದನ್ನೂ ಗಾಯಕ್ಕೆ ತುಂಬಬೇಡಿ. ಶುದ್ಧ ಬಟ್ಟೆಯಿಂದ ಗಾಯವನ್ನು ಬಲವಾಗಿ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲೆ ಎತ್ತಿ. ಹತ್ತು ನಿಮಿಷ ತೆಗೆದು ನೋಡದೆ ಒತ್ತಿದರೆ ಸಾಮಾನ್ಯ ಗಾಯದ ರಕ್ತ ನಿಲ್ಲುತ್ತದೆ. ನಿಲ್ಲದಿದ್ದರೆ, ಬೆರಳು ಮಡಿಸಲು ಬಾರದಿದ್ದರೆ, ತುದಿ ಜೋಮು ಹಿಡಿದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರೈತನ ಅಂಗಳದ ಮಣ್ಣಿನಲ್ಲಿ ಸಗಣಿ ಇದ್ದೇ ಇರುವುದರಿಂದ ಧನುರ್ವಾಯುವಿನ ಭಯ ಇಲ್ಲಿ ಹೆಚ್ಚು. ಆಳವಾದ, ಕೊಳೆಯಾದ ಗಾಯವಾಗಿ, ಕೊನೆಯ ಚುಚ್ಚುಮದ್ದು ಹಾಕಿಸಿ ಐದು ವರ್ಷ ಮೀರಿದ್ದರೆ ಮತ್ತೆ ಹಾಕಿಸಬೇಕು. ಎಂದು ಹಾಕಿಸಿದ್ದೆಂದು ನೆನಪಿಲ್ಲದವರು ಅದನ್ನು ವೈದ್ಯರಿಗೆ ಹೇಳಲಿ.

ಬೆರಳು ತುಂಡಾದರೆ ಧೈರ್ಯಗೆಡಬಾರದು. ತುಂಡನ್ನು ಶುದ್ಧವಾದ, ತುಸು ಒದ್ದೆ ಮಾಡಿದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಇಡಬೇಕು. ತುಂಡಿಗೆ ಮಂಜುಗಡ್ಡೆ ನೇರವಾಗಿ ತಾಗಿದರೆ ಜೀವಕೋಶಗಳು ಸಾಯುತ್ತವೆ. 108ಕ್ಕೆ ಕರೆ ಮಾಡುವಾಗಲೇ ಬೆರಳು ತುಂಡಾಗಿದೆ ಎಂದು ತಿಳಿಸಿ, ಕೂಡಿಸುವ ಸೌಲಭ್ಯವಿರುವ ಆಸ್ಪತ್ರೆ ಯಾವುದೆಂದು ಕೇಳಿಕೊಳ್ಳಿ. ಕೆಲವೇ ಗಂಟೆಗಳಲ್ಲಿ ತಲುಪಿದರೆ ಬೆರಳನ್ನು ಮತ್ತೆ ಕೂಡಿಸುವ ಸಾಧ್ಯತೆ ಇದೆ.

ಹತಾರಗಳನ್ನು ಇಡುವುದು

ಉಳಿಗಳನ್ನು ಗೋಣಿಚೀಲದಲ್ಲಿ ಒಟ್ಟಿಗೆ ತುಂಬಿದರೆ ಬಾಯಿಗೆ ಬಾಯಿ ತಾಗಿ ಕಚ್ಚು ಬೀಳುತ್ತದೆ. ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಪ್ರತಿ ಬಾಯಿಗೂ ತೊಡಿಸಿ, ಗರಗಸದ ಹಲ್ಲಿಗೆ ಸೀಳಿದ ಬಿದಿರಿನ ಕಡ್ಡಿ ಸಿಕ್ಕಿಸಿ, ಪೆಟ್ಟಿಗೆಯಲ್ಲಿ ಜೋಡಿಸಿ. ಮಲೆನಾಡಿನವರು ಮೇ ಕೊನೆಯಲ್ಲೇ ಎಲ್ಲಕ್ಕೂ ಎಣ್ಣೆ ಸವರಿ ಇಡಬೇಕು; ಒಂದು ಮಳೆಗಾಲದ ತುಕ್ಕು ಹತ್ತು ಸಾಣೆಯ ಉಕ್ಕನ್ನು ತಿನ್ನುತ್ತದೆ. ಪೆಟ್ಟಿಗೆಗೆ ಬೀಗವಿರಲಿ. ಶಾಲೆಗೆ ಹೋಗುವ ಮಕ್ಕಳು ಆಸೆಪಟ್ಟು ಬಂದರೆ ಬೈದು ಓಡಿಸದೆ, ಕ್ಲ್ಯಾಂಪಿಗೆ ಬಿಗಿದ ತುಂಡು ಮತ್ತು ಉಪ್ಪುಕಾಗದ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಉಳಿ ಹಿಡಿಯುವುದು ಕೈಗೆ ಬಲ ಬಂದ ಮೇಲೆ.